"ಪರವಾಗಿಲ್ಲ ಬಿಡಿ" ಅಂತ ನಾನು ಯಾಕೆ ಹೇಳ್ಲಿಲ್ಲ: ಒಬ್ಬ ನರ್ಸರಿ ಮಿಸ್ ಕೇಸ್

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಇವರನ್ನ ಸುಮಾ ಅಂತ ಕರೆಯೋಣ. ಹೆಸರು, ಏರಿಯಾ, ಇನ್ನೂ ಒಂದೆರಡು ವಿಷಯ ಬದಲಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ವಯಸ್ಸು 32, ಬೆಂಗಳೂರಿನ ಪಶ್ಚಿಮ ಭಾಗದ ಒಂದು ಪ್ಲೇಹೋಮ್‌ನಲ್ಲಿ 6 ವರ್ಷದಿಂದ ಟೀಚರು, ಮನೇಲಿ ಯುಕೆಜಿ ಓದೋ ಮಗಳು. ಮೊದಲನೇ ದಿನ ಬಂದು ಕೂತ್ಕೊಂಡವ್ರೇ, "ಮೇಡಂ, ನಾನು ಕೆಲಸ ಬಿಡ್ತೀನಿ, ಮಕ್ಕಳ ಹತ್ರ ಇರೋಕೆ ನಾನು ಲಾಯಕ್ಕಿಲ್ಲ" ಅಂದ್ರು. ಗಂಟಲು ಕಟ್ಟಿತ್ತು. ಅತ್ತಿದ್ದಕ್ಕೇನೋ ಅಂದ್ಕೊಂಡೆ, ಆಮೇಲೆ ಗೊತ್ತಾಯ್ತು ಎರಡು ತಿಂಗಳಿಂದ ಧ್ವನಿ ಹಾಗೇ ಇದೆ ಅಂತ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಭಾನುವಾರ ರಾತ್ರಿ ಅಂತೂ ಕಣ್ಣೇ ಮುಚ್ಚಲ್ಲ.

ಆಗಿದ್ದಿಷ್ಟು. ಸ್ಕೂಲ್ ಡೇ ಪ್ರಾಕ್ಟೀಸ್ ನಡೀತಿದ್ದ ಸಮಯ, 26 ಮಕ್ಕಳು, ಆಯಮ್ಮ ರಜೆ. ಅದರಲ್ಲೊಬ್ಬ ಮೂರೂವರೆ ವರ್ಷದ ಹುಡುಗ, ಮನೇಲಿ ಒಡಿಯಾ ಮಾತಾಡ್ತಾರೆ, ಕನ್ನಡ ಬರಲ್ಲ, ಇಂಗ್ಲಿಷ್ ಬರಲ್ಲ. ದಿನಾ ಶೂ ಬಿಚ್ಚಿ ಕೈಲಿ ಹಿಡ್ಕೊಂಡು ಗೇಟ್ ಹತ್ರ ಹೋಗಿ ನಿಲ್ತಾನೆ. ಆವತ್ತು ನಾಲ್ಕನೇ ಸಲ ಓಡಿದಾಗ ಸುಮಾ ಅವನ ತೋಳು ಗಟ್ಟಿಯಾಗಿ ಹಿಡಿದು ಎಳ್ಕೊಂಡು ಬಂದು ಚೇರ್ ಮೇಲೆ ಕೂರಿಸಿದಾರೆ. ತಕ್ಷಣ ಅಳು ನಿಂತೋಯ್ತಂತೆ. ಎರಡೂ ಕೈಯನ್ನ ತೊಡೆ ಕೆಳಗೆ ಇಟ್ಕೊಂಡು ಸುಮ್ನೆ ಕೂತನಂತೆ. "ಮಾರನೇ ದಿನ ನಾನು ಕ್ಲಾಸಿಗೆ ಬರ್ತಿದ್ದ ಹಾಗೇ, ನಾನು ಏನೂ ಹೇಳೋ ಮುಂಚೇನೇ, ಅವ್ನು ಹಾಗೇ ಕೈ ಕೆಳಗಿಟ್ಕೊಂಡು ಕೂತ್ಬಿಟ್ಟ ಮೇಡಂ" ಅಂತ ಹೇಳ್ವಾಗ ಅವರಿಗೆ ಮಾತು ಮುಂದಕ್ಕೆ ಬರ್ಲಿಲ್ಲ.

ಇಂಥ ಕಡೆ "ಪರವಾಗಿಲ್ಲಮ್ಮ, ಎಲ್ರಿಗೂ ಆಗುತ್ತೆ" ಅನ್ನೋದು ತುಂಬಾ ಸುಲಭ. ನಾನು ಹೇಳ್ಲಿಲ್ಲ. ಅವರು ಬಂದಿದ್ದು ಸಮಾಧಾನಕ್ಕಲ್ಲ, ಯಾರಾದ್ರೂ ಒಬ್ರು ಆ ವಿಷಯವನ್ನ ಸೀರಿಯಸ್ಸಾಗಿ ತಗೊಳ್ಳಲಿ ಅಂತ. ಮೊದಲು ಕೇಳಿದ್ದೇ, ಆಮೇಲೆ ಅವನು ಆ ಕೈ ಬಳಸಿದ್ನಾ ಅಂತ. ಯಾಕಂದ್ರೆ ಚಿಕ್ಕ ಮಕ್ಕಳ ತೋಳೋ ಕೈಯೋ ಹಿಡಿದು ಜಗ್ಗಿದ್ರೆ ಮೊಣಕೈ ಹತ್ರ ಮೂಳೆ ಜಾರಬಹುದು, 1ರಿಂದ 4 ವರ್ಷದವರಲ್ಲಿ ಇದು ಸಾಮಾನ್ಯ, ಹೊರಗಡೆ ಊತ ಗಾಯ ಏನೂ ಕಾಣಲ್ಲ, ಮಗು ಆ ಕೈ ಎತ್ತೋದನ್ನ ನಿಲ್ಲಿಸಿಬಿಡುತ್ತೆ ಅಷ್ಟೆ. ಅವನು ಅದೇ ಕೈಲಿ ಕ್ರೇಯಾನ್ ಹಿಡಿದು ಗೀಚಿದ್ದ, ಟಿಫನ್ ತಿಂದಿದ್ದ. ಸರಿ. ಇನ್ನೊಂದನ್ನೂ ಅವತ್ತೇ ಸ್ಪಷ್ಟ ಮಾಡಿದೆ: ನೀವು ಹೇಳಿದ್ದು ನನ್ನ ಹತ್ರಾನೇ ಇರುತ್ತೆ, ಆದ್ರೆ ಇದು ಮತ್ತೆ ಮತ್ತೆ ಆಗ್ತಿದೆ, ಮಕ್ಕಳಿಗೆ ಅಪಾಯ ಇದೆ ಅಂತ ಅನಿಸಿದ್ರೆ ನಾನು ಸುಮ್ನಿರಲ್ಲ. ಅವರು ತಲೆ ಆಡಿಸಿದ್ರು. ಸಾಯ್ಬೇಕು ಅನ್ನೋ ಯೋಚನೆ ಬರುತ್ತಾ ಅಂತಾನೂ ನೇರವಾಗೇ ಕೇಳಿದೆ, ಇಲ್ಲ ಅಂದ್ರು. ಆದ್ರೂ ರಾತ್ರಿ ತೀರಾ ತಡೆಯೋಕಾಗದಿದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು.

ಅವರ ಯಜಮಾನ್ರು ಹೇಳೋದು, "ಮಕ್ಕಳ ಜೊತೆ ಆಟ ಆಡ್ಕೊಂಡಿರೋ ಕೆಲಸ, ಅದರಲ್ಲೇನು ಟೆನ್ಷನ್ನು". ಅವರೊಬ್ರೇ ಅಲ್ಲ, ಈ ಊರಲ್ಲಿ ಬಹಳಷ್ಟು ಜನ ಹಾಗೇ ಅಂದ್ಕೊಂಡಿದಾರೆ, ಇದು ನನಗೆ ನಿಜವಾಗ್ಲೂ ನೋವು ಕೊಡೋ ವಿಷಯ. ಬೆಳಗ್ಗೆ 9ರಿಂದ ಒಬ್ಬನ ಮೂಗು ಒರೆಸಿ, ಇನ್ನೊಬ್ಬಳ ಚಡ್ಡಿ ಬದಲಿಸಿ, ಕಚ್ಚಿದವನನ್ನ ಬಿಡಿಸಿ, ಅಷ್ಟರ ಮಧ್ಯೆ ಮೂರು ವರ್ಷಕ್ಕೇ ಎ ಬಿ ಸಿ ಡಿ ಯಾಕೆ ಬರೀತಿಲ್ಲ ಅಂತ ಕೇಳೋ ಪೇರೆಂಟ್ಸ್‌ಗೆ ಉತ್ತರ ಕೊಟ್ಟು, 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಈ ವಯಸ್ಸಿಗೆ ಆಟದ ಮೂಲಕ ಕಲಿಕೆ ಅಂತ ಹೇಳಿದ್ರೂ ಸ್ಲೇಟು ಹಿಡಿಸಿ, ಇಷ್ಟೆಲ್ಲ ಮಾಡಿ ದಿನವಿಡೀ ನಗುಮುಖ ಇಟ್ಕೊಂಡಿರಬೇಕು. ಮನೆಗೆ ಬಂದ ಮೇಲೆ ಸ್ವಂತ ಮಗಳು "ಅಮ್ಮಾ" ಅಂದ್ರೂ ರೇಗ್ತೀನಿ ಅಂತ ಎರಡನೇ ಸಲ ಬಂದಾಗ ಹೇಳಿದ್ರು.

ನಾನು ಕೊಟ್ಟ ಸಲಹೆಗಳಲ್ಲಿ ಕಷ್ಟದ್ದು ಒಂದೇ: ಪ್ರಿನ್ಸಿಪಾಲ್‌ಗೂ ಹುಡುಗನ ಅಪ್ಪ ಅಮ್ಮನಿಗೂ ನೀವೇ ಹೇಳಿ. ಸಿಸಿಟಿವಿಯಲ್ಲಿ ಯಾರಾದ್ರೂ ನೋಡ್ತಾರೆ ಅನ್ನೋ ಹೆದರಿಕೆಗಲ್ಲ. ಅವನು ಅದನ್ನ ಯಾವ ಭಾಷೇಲೂ ಹೇಳೋಕಾಗಲ್ಲ, ಅವನ ಪರವಾಗಿ ಹೇಳೋಕೆ ಇರೋದು ನೀವೊಬ್ರೇ. ಒಂದು ವಾರ ಒದ್ದಾಡಿದ್ರು. ವಾಟ್ಸಾಪ್ ಗ್ರೂಪಲ್ಲಿ ಹಾಕ್ಬಿಟ್ರೆ? ಕೆಲಸ ಹೋದ್ರೆ? ಹೋಗಲ್ಲ ಅಂತ ನಾನು ಭರವಸೆ ಕೊಡೋಕೆ ಆಗ್ಲಿಲ್ಲ, ಕೊಡ್ಲೂ ಇಲ್ಲ. ಏನು ಹೇಳ್ಬೇಕು ಅಂತ ಇಬ್ರೂ ಕೂತು ಬರೆದ್ವಿ, ನಾಲ್ಕೇ ವಾಕ್ಯ, "ಆದ್ರೆ" ಅನ್ನೋ ಪದ ಬೇಡ ಅಂತ ತೆಗೆಸಿದೆ.

ಮಕ್ಕಳ ಸಂಖ್ಯೆ ಬಗ್ಗೆ ಬೇರೆ ಪತ್ರ ಬರೀರಿ ಅಂದೆ. ಎರಡನ್ನೂ ಸೇರಿಸಿದ್ರೆ ತಪ್ಪಿಗೆ ನೆಪ ಹೇಳಿದ ಹಾಗಾಗುತ್ತೆ. ಕೇಂದ್ರದ 2013ರ ಇಸಿಸಿಇ (ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣ) ನೀತಿ ಪ್ರಕಾರ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ರು ದೊಡ್ಡವರು ಇರ್ಬೇಕು, ಇಲ್ಲಿ ಆಯಮ್ಮ ರಜೆ ಇದ್ದ ದಿನ 26ಕ್ಕೆ ಒಬ್ರು, ಅದನ್ನೇ ಅಂಕಿ ಸಮೇತ ಹಾಕಿ ಅಂದೆ. ಕ್ಲಾಸಲ್ಲಿ ಸಿಟ್ಟು ಏರ್ತಿದೆ ಅನಿಸಿದ ಕ್ಷಣ ನೆಲದ ಮೇಲೆ ಕೂತ್ಬಿಡಿ, ಕೈ ಎರಡೂ ನಿಮ್ಮ ಮೊಣಕಾಲಿನ ಮೇಲೆ. ಧ್ವನಿಗೆ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ, ಮಕ್ಕಳನ್ನ ಕರೆಯೋಕೆ ಚಪ್ಪಾಳೆನೋ ಗಂಟೆನೋ ಬಳಸಿ. ಆ ಹುಡುಗನ ಅಮ್ಮನ ಹತ್ರ ನಾಲ್ಕು ಒಡಿಯಾ ಮಾತು ಕಲೀರಿ.

ಕೊನೆಗೆ ಸುಮಾ ಹೇಳಿದಾಗ ಹುಡುಗನ ಅಪ್ಪ ಕೂಗಾಡಿದ್ರಂತೆ, ಸೆಕ್ಷನ್ ಬದಲಿಸಿ ಅಂದ್ರಂತೆ. ಅಮ್ಮ ಮಾತ್ರ "ಯಾವ ಕೈ?" ಅಂತ ಒಂದೇ ಕೇಳಿ, ಮಗನ ತೋಳು ಸವರಿ ನೋಡಿ ತುಂಬಾ ಹೊತ್ತು ಸುಮ್ನಿದ್ರಂತೆ. ಮಾರನೇ ದಿನ ಕಳಿಸಿದ್ರು, ಅದೇ ಸೆಕ್ಷನ್‌ಗೆ.

ಐದನೇ ಸಲ ಬಂದಾಗ ಸುಮಾ ನಿದ್ದೆ ಸ್ವಲ್ಪ ಪರವಾಗಿಲ್ಲ ಅಂದ್ರು. ಗೇಟ್ ಹತ್ರ ಈಗ ಅವರೂ ಹೋಗಿ ಕೆಳಗೆ ಕೂತು "ಮಾ ಆಸಿಬೆ" ಅಂತಾರೆ, ಅಮ್ಮ ಬರ್ತಾರೆ ಅಂತ ಅರ್ಥ. ಇವರು ಹೇಳೋದು ಸರಿ ಇಲ್ಲ ಅಂತ ಅವನು ತಿದ್ದಿ ಇನ್ನೊಂದ್ಸಲ ಹೇಳಿಸ್ತಾನಂತೆ. ಕೈ ತೊಡೆ ಕೆಳಗೆ ಇಟ್ಕೊಳ್ಳೋದು ಪೂರ್ತಿ ಬಿಟ್ಟಿಲ್ಲ, ಕಮ್ಮಿ ಆಗಿದೆ. ಎರಡನೇ ಆಯಮ್ಮನ್ನ ಕೊಟ್ಟಿದಾರೆ, ಆದ್ರೆ 11 ಗಂಟೆವರೆಗೆ ಮಾತ್ರ. ಸುಮಾ ಇನ್ನೊಂದು ಪತ್ರ ಕೊಟ್ಟಿದಾರೆ, ಉತ್ತರ ಬಂದಿಲ್ಲ.