ಟ್ರಂಪೆಟ್ ಊದುವಾಗ ದಮ್ಮು ಬೇಗ ಹೋಗುತ್ತದೆ, ಸ್ವರ ಪೀಚಾಗಿ ಬರುತ್ತದೆ. ಏನು ಮಾಡಬೇಕು?

ಉಸಿರು ಸಾಲುತ್ತಿಲ್ಲ, ಶ್ವಾಸಕೋಶ ಗಟ್ಟಿಯಾಗಲು ದಿನಾ ಓಡಬೇಕಾ ಅಂತಲೂ ಕೇಳಿದ್ದೀರಿ. ಓಡಿ, ಒಳ್ಳೆಯದೇ. ಆದರೆ ತೊಂದರೆ ಅಲ್ಲಿ ಇರುವುದು ಕಡಿಮೆ. ನಾನು ಶಿವಮೊಗ್ಗದ ಕಡೆ ಮದುವೆ, ಜಾತ್ರೆಗಳಲ್ಲಿ ಬ್ಯಾಂಡ್ ಸೆಟ್ ಜೊತೆ ಟ್ರಂಪೆಟ್ ಊದುತ್ತೇನೆ, ಹೊಸ ಹುಡುಗರಿಗೆ ಹೇಳಿಕೊಡುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಗಾಳಿ ಬೇಕಾದಷ್ಟು ಇರುತ್ತದೆ. ಅದು ತುಟಿಯ ಹತ್ತಿರ ಸೋರಿಹೋಗುತ್ತದೆ, ಇಲ್ಲವೇ ಅಲ್ಲೇ ತಡೆದು ನಿಲ್ಲುತ್ತದೆ.

ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ. ಸ್ವರದ ಜೊತೆ 'ಉಸ್' ಅಂತ ಗಾಳಿ ಸದ್ದು ಬರುತ್ತಿದ್ದರೆ ತುಟಿ ಸಡಿಲ. ಗಾಳಿ ಬೇಗ ಖಾಲಿಯಾಗುತ್ತದೆ. ಸ್ವರ ಕೀರಲಾಗಿದ್ದರೆ ನೀವು ತುಟಿ ಹಿಂಡುತ್ತಿದ್ದೀರಿ, ಮೌತ್‌ಪೀಸ್ (ತುಟಿಗಿಟ್ಟು ಊದುವ ಬಟ್ಟಲು) ಒತ್ತುತ್ತಿದ್ದೀರಿ. ಆಗ ಗಾಳಿ ಮುಗಿದಿರುವುದೇ ಇಲ್ಲ. ಹಳೇ ಗಾಳಿ ಒಳಗೇ ಉಳಿದು ಉಸಿರು ಕಟ್ಟಿದ ಹಾಗೆ ಆಗುತ್ತದೆ, ಅದರ ಮೇಲೆ ಇನ್ನಷ್ಟು ಎಳೆದುಕೊಂಡರೆ ಎದೆ ಬಿಗಿಯುತ್ತದೆ, ಅಷ್ಟೇ. ಒತ್ತುವ ಅಭ್ಯಾಸಕ್ಕೆ ಬಲಗೈ ಕಿರುಬೆರಳೂ ಕಾರಣ. ಅದನ್ನು ವಾದ್ಯದ ಮೇಲಿರುವ ಬೆರಳಿನ ಕೊಕ್ಕೆಯೊಳಗೆ ಹಾಕಿ ವಾದ್ಯವನ್ನು ಬಾಯಿಗೆ ಎಳೆಯಬೇಡಿ, ಕೊಕ್ಕೆಯ ಮೇಲೆ ಸುಮ್ನೆ ಇಡಿ.

ಉಸಿರು ತೆಗೆದುಕೊಳ್ಳುವುದನ್ನು ವಾದ್ಯ ಇಲ್ಲದೆ ಕಲಿಯಿರಿ. ಕೈ ಎರಡನ್ನೂ ಕೆಳಗಿನ ಪಕ್ಕೆಲುಬಿನ ಮೇಲೆ ಇಡಿ, ಹೆಬ್ಬೆರಳು ಬೆನ್ನಿನ ಕಡೆ. 'ಹೋ' ಅನ್ನುವಂತೆ ಗಂಟಲು ಬಿಟ್ಟು ಒಳಗೆಳೆದುಕೊಳ್ಳಿ. ಹೆಬ್ಬೆರಳೂ ಹೊರಗೆ ಸರಿಯಬೇಕು. ಭುಜ ಮೇಲೇರಿದರೆ ಉಸಿರು ಎದೆಯಲ್ಲೇ ನಿಂತಿದೆ ಅಂತ ಅರ್ಥ. ಒಳಗೆ ತುಂಬಿದ ಮೇಲೆ ಹಿಡಿದಿಡಬೇಡಿ. ಬಂದ ಉಸಿರು ಅಲ್ಲಿಂದಲೇ ತಿರುಗಿ ಸ್ವರವಾಗಬೇಕು. ತಡೆದರೆ ಗಂಟಲು ಮುಚ್ಚಿಕೊಂಡು ಸ್ವರ ಒಡೆಯುತ್ತದೆ.

ಇನ್ನು ಸ್ವರದ ಮಾತು. ಇದಕ್ಕೆ ಉದ್ದ ಸ್ವರ, ಅಂದರೆ ಒಂದೇ ಸ್ವರವನ್ನು ಒಂದೇ ಉಸಿರಿನಲ್ಲಿ ಎಳೆದು ಊದುವುದು ಬಿಟ್ಟರೆ ಬೇರೆ ಮದ್ದಿಲ್ಲ, ಅದೂ ಮೆಲ್ಲಗೆ ಊದುವ ಉದ್ದ ಸ್ವರ. ಮಾಮೂಲಿ ಬಿ ಫ್ಲ್ಯಾಟ್ ಟ್ರಂಪೆಟ್‌ನಲ್ಲಿ ಯಾವ ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಒತ್ತದೆ ಊದಿದರೆ ಸ, ಪ, ಮೇಲಿನ ಸ ಸಿಗುತ್ತವೆ. ಈ ಸ ಅಂದರೆ ನಮ್ಮ ಯಕ್ಷಗಾನದವರ ಲೆಕ್ಕದಲ್ಲಿ ಕಪ್ಪು 5, ಹಾರ್ಮೋನಿಯಂನ ಐದನೇ ಕಪ್ಪು ಮನೆ. ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಹಾಕಿ, ಆ ಶ್ರುತಿ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ಸ ಊದಿ. ಗೋಡೆಯಿಂದ ನಿಮ್ಮ ಸ್ವರ ನಿಮಗೇ ವಾಪಸ್ ಕೇಳುತ್ತದೆ. ನಾಲಿಗೆಯಲ್ಲಿ ಹೊಡೆದು ಶುರುಮಾಡಬೇಡಿ, ಬರೀ ಗಾಳಿಯಿಂದ ಸ್ವರ ಏಳಲಿ. ಮೊದಮೊದಲು ಏಳುವುದಿಲ್ಲ, ಬರೀ ಗಾಳಿ ಬರುತ್ತದೆ. ಆಗ ಒತ್ತಬೇಡಿ, ತುಟಿಯನ್ನು 'ಮ್' ಅನ್ನುವಷ್ಟೇ ಹತ್ತಿರ ತಂದು ಕಾಯಿರಿ. ಒಂದು ಹಂತದಲ್ಲಿ ತಂಬೂರಿಯ ಜೊತೆ ಅಲೆಯಾಡುತ್ತಿದ್ದ ಸ್ವರ ನಿಂತು ಒಂದೇ ಆಗಿ ಕೇಳುತ್ತದೆ. ಆ ಜಾಗ ತುಟಿಗೆ ಗೊತ್ತಾಗಬೇಕು. ಆಮೇಲೆ ಸ ಇಂದ ಪ ಗೆ ನಾಲಿಗೆ ಹಾಕದೆ ಜಾರಿ, ಹಾಗೇ ಕೆಳಗಿಳಿಯಿರಿ. ಮೇಲೆ ಹೋಗುವಾಗ ಗಾಳಿಯ ವೇಗ ಹೆಚ್ಚಬೇಕು, ಕೈಯ ಒತ್ತಡ ಅಲ್ಲ. ಊದಿದಷ್ಟೇ ಹೊತ್ತು ತುಟಿಗೆ ವಿಶ್ರಾಂತಿ ಕೊಡಿ. ಜೋಮು ಹಿಡಿದರೆ ಅವತ್ತಿಗೆ ಸಾಕು.

ಮೆರವಣಿಗೆಯಲ್ಲಿ ಊದುವುದನ್ನೇ ಅಭ್ಯಾಸ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಕೋಟೆ ಮಾರಿಕಾಂಬ ಜಾತ್ರೆಯಂಥ ಗದ್ದಲದಲ್ಲಿ ಡ್ರಮ್ ಪಕ್ಕ ನಿಂತರೆ ನಮ್ಮ ಸ್ವರ ನಮಗೇ ಕೇಳುವುದಿಲ್ಲ. ಜಾಸ್ತಿ ಊದುತ್ತೇವೆ, ನಡೆಯುವಾಗ ಮೌತ್‌ಪೀಸ್ ತುಟಿಗೆ ಕುಕ್ಕುತ್ತದೆ. ಚೆನ್ನಾಗಿ ಊದುತ್ತಿದ್ದ ಹುಡುಗರ ಸ್ವರ ಒಂದು ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಒರಟಾಗಿದ್ದನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಕಾರ್ಯಕ್ರಮ ಮುಗಿದ ಮಾರನೇ ದಿನ ಮೆಲ್ಲಗಿನ ಉದ್ದ ಸ್ವರ ಮಾತ್ರ ಊದಿ.

ನಮ್ಮ ಮಲೆನಾಡಿನ ಚಳಿಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ವಾದ್ಯದೊಳಗಿನ ಗಾಳಿ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ಅದನ್ನು ಏರಿಸಲು ಹೊಸಬರು ತುಟಿ ಹಿಂಡುತ್ತಾರೆ, ಸ್ವರ ಮತ್ತೆ ಪೀಚು. ಬೆಳಿಗ್ಗೆ ಮೊದಲು ಸದ್ದಿಲ್ಲದೆ ಬಿಸಿ ಉಸಿರು ಊದಿ ವಾದ್ಯ ಬೆಚ್ಚಗೆ ಮಾಡಿಕೊಳ್ಳಿ.

ಇಷ್ಟಾದರೂ ಸ್ವರ ಮಂಕಾಗಿದ್ದರೆ ಮೌತ್‌ಪೀಸ್ ಬದಲಾಯಿಸಲು ಓಡಬೇಡಿ, ಹೊಸಬರು ಬಳಸುವ ಮಾಮೂಲಿ ಅಳತೆಯ 7ಸಿ ಸಾಕು. ಮೌತ್‌ಪೀಸ್ ಕೂರುವ ಕೊಳವೆಯಲ್ಲಿ ಕೊಳೆ ಕಟ್ಟಿರಬಹುದು, ಒಮ್ಮೆ ಇಣುಕಿ ನೋಡಿ. ವಾಲ್ವ್ ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ ತೆಗೆದಿಟ್ಟು, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ಸೋಪು ಹಾಕಿ ತೊಳೆಯಿರಿ. ಒಣಗಿದ ಮೇಲೆ ವಾಲ್ವ್ ಎಣ್ಣೆಯನ್ನೇ ಹಾಕಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚಳಿಗೆ ಗಟ್ಟಿಯಾಗಿ ಒತ್ತಿದ ಪಿಸ್ಟನ್ ಮೇಲೆ ಬರುವುದೇ ಇಲ್ಲ.