ಕ್ಲಾಸಿಕ್ ಅಂದ ಮಾತ್ರಕ್ಕೆ ಹಿಡಿಸಲೇಬೇಕಾ?

ಜಗತ್ತೆಲ್ಲ ಹೊಗಳುವ ಹಳೇ ಆಲ್ಬಂಗಳ ಬಗ್ಗೆ ಏನಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಜಾಸ್ತಿ ಜನ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲರಿಗೂ ಹಿಡಿಸಿದ್ದು ನನಗ್ಯಾಕೆ ಹಿಡಿಸಲ್ಲ? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದು ನನ್ನ ಕಿವಿಯ ತೀರ್ಪು. ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ.

ಮೈಲ್ಸ್ ಡೇವಿಸ್‌ರ 'ಕೈಂಡ್ ಆಫ್ ಬ್ಲೂ' ಜಾಝ್‌ನ ಮಹಾ ಆಲ್ಬಂ ಅಂತಾರೆ. ನನಗೆ ಹೋಟೆಲ್ ಲಿಫ್ಟಿನಲ್ಲಿ ನಿಂತ ಹಾಗಾಯಿತು. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ಕಿವಿಯ ದೋಷವಾ? (ಮೈಸೂರು)

ಕಿವಿ ಚೆನ್ನಾಗೇ ಇದೆ. ಏನೋ ಕೆಲಸ ಮಾಡುತ್ತಾ ಸುಮ್ನೆ ಹಿಂದೆ ಹಾಕಿಕೊಂಡರೆ ಅದು ಲಿಫ್ಟ್ ಸಂಗೀತವೇ, ಅಷ್ಟು ಮೆತ್ತಗಿದೆ. ಆದರೆ ನೀವು ಪಾಠ ಕಲಿತವರು, ಅದನ್ನೇ ಬಳಸಿಕೊಳ್ಳಿ. ಮೊದಲ ಟ್ರ್ಯಾಕ್ 'ಸೋ ವಾಟ್' ಹಾಕಿ, ಡಿ ಸ್ವರವನ್ನು ಷಡ್ಜ ಅಂತ ಹಿಡಿದುಕೊಳ್ಳಿ. ಆಮೇಲೆ ಬರುವ ಸ್ವರಗಳನ್ನು ಎಣಿಸಿ ನೋಡಿ, ಎಲ್ಲಾ ಖರಹರಪ್ರಿಯದ್ದು! ರಾಗ ಖರಹರಪ್ರಿಯ ಅನ್ನುತ್ತಿಲ್ಲ ನಾನು, ಗಮಕವೂ ಇಲ್ಲ, ನಮ್ಮ ಸಂಚಾರವೂ ಇಲ್ಲ, ಸ್ವರಗಳು ಮಾತ್ರ ಅವೇ. ಹದಿನಾರು ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು ಅಂದುಕೊಳ್ಳಿ) ಹೀಗೆ ಹೋಗುತ್ತದೆ. ಆಮೇಲೆ ಇಡೀ ತಂಡ ಷಡ್ಜವನ್ನೇ ಅರ್ಧ ಸ್ವರ ಮೇಲಕ್ಕೆ ಎತ್ತಿಬಿಡುತ್ತದೆ, ಎಂಟು ಬಾರ್ ಅಲ್ಲೇ ಇದ್ದು ಏನೂ ಆಗಿಲ್ಲವೆಂಬಂತೆ ಕೆಳಗಿಳಿಯುತ್ತದೆ. ತಂಬೂರಿ ಪಕ್ಕದಲ್ಲಿಟ್ಟುಕೊಂಡು ಬೆಳೆದವರಿಗೆ ಇದು ಶಾಕ್ ಅಲ್ವಾ? ನನಗಂತೂ ಆಗಿತ್ತು. ಆ ಶಾಕ್ ಆದ ಮೇಲೆಯೇ ಈ ಆಲ್ಬಂ ನನಗೆ ತೆರೆದುಕೊಂಡಿದ್ದು.

ಇನ್ನೊಂದು ವಿಷಯ. 1959ರಲ್ಲಿ ನ್ಯೂಯಾರ್ಕಿನಲ್ಲಿ, ಮಾರ್ಚ್‌ನಲ್ಲಿ ಒಂದು ದಿನ, ಏಪ್ರಿಲ್‌ನಲ್ಲಿ ಒಂದು ದಿನ ಕೂತು ಇಡೀ ಆಲ್ಬಂ ಮುಗಿಸಿದರು. ಮಾರ್ಚ್ ದಿನ ಬಳಸಿದ ಟೇಪ್ ಯಂತ್ರದ ವೇಗದಲ್ಲಿ ಸಣ್ಣ ಎಡವಟ್ಟು ಇತ್ತು. ಹಾಗಾಗಿ ಎಲ್‌ಪಿ ರೆಕಾರ್ಡ್ ತಟ್ಟೆಯ ಮೊದಲ ಮುಖದ ಮೂರೂ ಟ್ರ್ಯಾಕ್ ಸ್ವಲ್ಪ ಏರಿದ ಶ್ರುತಿಯಲ್ಲೇ ದಶಕಗಟ್ಟಲೆ ಮಾರಾಟವಾದವು. ಸರಿಮಾಡಿದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ರೆಕಾರ್ಡಿನ ಜೊತೆ ಪಿಯಾನೋ ನುಡಿಸಲು ಕೂತವರ ಪಾಡು ಯೋಚಿಸಿ! ಇಷ್ಟೆಲ್ಲ ಆದ ಮೇಲೂ ಬೋರ್ ಹೊಡೆದರೆ ಬಿಟ್ಟುಬಿಡಿ. ಅದೇ ತಂಡದಲ್ಲಿದ್ದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ರ ಸ್ವಂತ ಆಲ್ಬಂಗಳಿವೆ, ಅವುಗಳಲ್ಲಿ ಮೆತ್ತಗಿನ ಮಾತಿಲ್ಲ.

ಇಷ್ಟವಾದ ಹಾಡನ್ನು ಮಾತ್ರ ಆರಿಸಿ ಕೇಳುವ ಕಾಲ ಇದು. ಇಡೀ ಆಲ್ಬಂ ಕೇಳಬೇಕು ಅನ್ನೋದು ಹಳಬರ ಹಟ ಅಲ್ವಾ? (ಹುಬ್ಬಳ್ಳಿ)

ಅರ್ಧ ಹಟ ಹೌದು. ಎಷ್ಟೋ ಆಲ್ಬಂಗಳಲ್ಲಿ ಎರಡು ಒಳ್ಳೆಯ ಹಾಡಿನ ಜೊತೆ ಎಂಟು ಸಪ್ಪೆ ಹಾಡು ಸೇರಿಸಿ ಮಾರಿದ್ದಾರೆ. ಅಂಥದ್ದಕ್ಕೆ ನಿಮ್ಮ ಪ್ಲೇಲಿಸ್ಟೇ ಸರಿ.

ಆದರೆ ಜಮೈಕಾದ ರೆಗ್ಗೇ ಗಾಯಕ ಬಾಬ್ ಮಾರ್ಲಿಯವರ 'ಎಕ್ಸೋಡಸ್' ತೆಗೆದುಕೊಳ್ಳಿ. 1976ರ ಡಿಸೆಂಬರ್‌ನಲ್ಲಿ ಕಿಂಗ್‌ಸ್ಟನ್‌ನ ಅವರ ಮನೆಗೇ ನುಗ್ಗಿ ಗುಂಡು ಹಾರಿಸಿದರು. ಎರಡು ದಿನ ಬಿಟ್ಟು ಗಾಯದ ಜೊತೆಗೇ ವೇದಿಕೆ ಹತ್ತಿ ಹಾಡಿ, ಆಮೇಲೆ ಜಮೈಕಾ ಬಿಟ್ಟು ಲಂಡನ್ ಸೇರಿದರು. ಅಲ್ಲಿ ಮಾಡಿದ ಆಲ್ಬಂ 1977ರಲ್ಲಿ ಬಂತು. ಮೊದಲ ಮುಖದ ತುಂಬ ಸಿಟ್ಟು, ದೇವರು, ದೇಶ ಬಿಟ್ಟು ಹೊರಡುವ ಜನ. ಮುಖ ಮುಗಿಯುವುದು ಏಳು ನಿಮಿಷ ದಾಟುವ 'ಎಕ್ಸೋಡಸ್' ಹಾಡಿನಿಂದ. ತಟ್ಟೆ ತಿರುಗಿಸಿದರೆ 'ಜಾಮಿಂಗ್', ಪ್ರೀತಿ, ಕಾಯುವುದು, ಬಾಗಿಲ ಬಳಿ ಬಂದು ಕೂತ ಮೂರು ಹಕ್ಕಿ. ಈಗ 'ತ್ರೀ ಲಿಟಲ್ ಬರ್ಡ್ಸ್' ಒಂದನ್ನೇ ಕೆಫೆಯಲ್ಲಿ ಕೇಳುವವರಿಗೆ ಅದು ಬೀಚಿನ ಹಾಡು. ಗುಂಡು ತಿಂದವರೊಬ್ಬರು ಅಷ್ಟು ಸಿಟ್ಟಿನ ಹಾಡುಗಳ ನಂತರ 'ಚಿಂತೆ ಮಾಡಬೇಡ' ಅಂತ ಹಾಡುತ್ತಿದ್ದಾರೆ ಅನ್ನುವುದು ಸಾಲಾಗಿ ಕೇಳಿದರೆ ಮಾತ್ರ ತಟ್ಟುತ್ತದೆ. ಅದನ್ನು ಷಫಲ್ ಹಾಕಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ.

ಮಗ ದಿನವಿಡೀ ಮೆಟಲ್ ಕೇಳುತ್ತಾನೆ. ಗೋಡೆ ಒಡೆದ ಹಾಗಿರುತ್ತೆ. ಅದರಲ್ಲೂ ಕ್ಲಾಸಿಕ್ ಇದೆಯಾ ಸಾರ್? (ಶಿವಮೊಗ್ಗ)

ಇದೆ, ಬೇಕಾದಷ್ಟು. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡು ಕಾರ್ಖಾನೆಯ ಕೆಲಸಗಾರರಾಗಿದ್ದವರು. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವರು ಎಡಚರು, ತಂತಿ ಒತ್ತುವುದು ಅದೇ ಕೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದರು. ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ನಿಮ್ಮ ಮಗನ ಕೋಣೆಯಿಂದ ಬರುವ ಆ ಭಾರದ ಸದ್ದಿನ ಮೂಲದಲ್ಲಿ ಈ ಬೆರಳುಗಳೂ ಇವೆ. 1970ರ 'ಪ್ಯಾರನಾಯ್ಡ್' ಅವನ ಜೊತೆ ಕೂತು ಕೇಳಿ. ಮೊದಲ ಹಾಡು 'ವಾರ್ ಪಿಗ್ಸ್' ಯುದ್ಧ ಮಾಡಿಸುವವರನ್ನು ಬೈಯುವ ಹಾಡು. ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಭಯ ಬೇಡ.

ಆಮೇಲೆ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', 1986ರದ್ದು. ನನಗೆ ಅದರಲ್ಲಿ ಇಷ್ಟ ಅದರ ವೇಗಕ್ಕಿಂತ ಶಿಸ್ತು. ಬಲಗೈ ಒಂದೇ ದಿಕ್ಕಿನಲ್ಲಿ, ಕೆಳಕ್ಕೆ ಮಾತ್ರ, ಅಷ್ಟು ವೇಗವಾಗಿ ಹೊಡೆಯುವುದು ಹುಡುಗಾಟವಲ್ಲ, ಅದಕ್ಕೆ ಸಾಧನೆ ಬೇಕು. 2011ರ ಅಕ್ಟೋಬರ್‌ನಲ್ಲಿ ಈ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು ನುಡಿಸಿತು. ಇಂಥ ಸಂಗೀತಕ್ಕೆ ಈ ರಾಜ್ಯದಲ್ಲಿ ಎಷ್ಟು ಜನ ಇದ್ದಾರೆ ಅಂತ ಅವತ್ತು ಎಷ್ಟೋ ತಂದೆತಾಯಂದಿರಿಗೆ ಗೊತ್ತಾಗಿರಬೇಕು.

ಪಿಂಕ್ ಫ್ಲಾಯ್ಡ್? (ತುಮಕೂರು)

ಪ್ರಶ್ನೆ ಇಷ್ಟೇ. ಉತ್ತರ ಸ್ವಲ್ಪ ಉದ್ದ ಇದೆ.

ಈ ಬ್ರಿಟಿಷ್ ರಾಕ್ ತಂಡದ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್'ನಲ್ಲಿ 'ಮನಿ' ಅಂತ ಹಾಡಿದೆ. ನಾಣ್ಯ, ಕ್ಯಾಶ್ ಯಂತ್ರದ ಸದ್ದನ್ನು ಟೇಪಿನಲ್ಲಿ ಕತ್ತರಿಸಿ ಅಂಟಿಸಿ ಮಾಡಿದ ತಾಳದಿಂದ ಶುರು. ಕೈಯಲ್ಲಿ ತಕಿಟ ತಕಧಿಮಿ ಹಾಕಿ ನೋಡಿ. ಏಳಕ್ಕೆ ಸರಿಯಾಗಿ ಬಂದು ಕೂರುತ್ತದೆ. ರಾಕ್ ಕೇಳುವವರಿಗೆ ಏಳರ ಲೆಕ್ಕ ವಿಚಿತ್ರ, ಮಿಶ್ರ ಛಾಪು ಕೇಳಿದ ನಮಗೆ ಮನೆಯದೇ. ಸ್ಯಾಕ್ಸೋಫೋನ್ ಕೂಡ ಏಳರಲ್ಲೇ ಓಡುತ್ತದೆ. ಗಿಟಾರ್ ಬಂದಾಗ ಮಾತ್ರ ನಾಲ್ಕಕ್ಕೆ ಇಳಿದು ಆಮೇಲೆ ಮತ್ತೆ ಏಳು.

ಆದರೆ ಈ ಆಲ್ಬಂನಲ್ಲಿ ನನಗೆ ಮೈ ಜುಂ ಅನ್ನಿಸುವುದು 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಹಾಡಿನಲ್ಲಿ ಗಾಯಕಿ ಕ್ಲೇರ್ ಟೋರಿಯ ದನಿ. ಪದವೇ ಇಲ್ಲ, ಬರೀ ಆಲಾಪ. ಸ್ಟುಡಿಯೋಗೆ ಕರೆದು, ಪಿಯಾನೋ ಹಾಕಿ, ಏನಾದರೂ ಹಾಡಿ ಅಂದರಂತೆ. ಆಕೆಗೆ ಸಿಕ್ಕಿದ್ದು 30 ಪೌಂಡ್. ಕೋರ್ಟಿಗೆ ಹೋಗಿ 2005ರಲ್ಲಿ ರಾಜಿಯಾದ ಮೇಲೆ ರಚನಕಾರರ ಸಾಲಿನಲ್ಲಿ ಆಕೆಯ ಹೆಸರೂ ಸೇರಿತು. ಕೋಟಿಗಟ್ಟಲೆ ಮಾರಾಟವಾದ ಆಲ್ಬಂ ಅದು ಅನ್ನೋದು ನೆನಪಿರಲಿ. ಉಳಿದಂತೆ, ನಿಜ ಹೇಳಬೇಕೆಂದರೆ, ಇದೇ ಆಲ್ಬಂನ 'ಆನ್ ದಿ ರನ್' ಬಂದಾಗ ನಾನು ಎದ್ದು ನೀರು ಕುಡಿದು ಬರುತ್ತೇನೆ.

ನೀವು ಒಪ್ಪದ ಕ್ಲಾಸಿಕ್ ಹೇಳಿ. ಸುತ್ತಿ ಬಳಸಿ ಬೇಡ. (ದಾವಣಗೆರೆ)

ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್', 1967. ಅದರಲ್ಲಿ ಅಲಂಕಾರ ಜಾಸ್ತಿ, ಹಾಡು ಕಮ್ಮಿ ಅನ್ನಿಸುತ್ತದೆ. ಹಿಂದಿನ ವರ್ಷದ 'ರಿವಾಲ್ವರ್' ಇದಕ್ಕಿಂತ ಮೇಲು. ಪೆಪರ್‌ನಲ್ಲಿ ಜಾರ್ಜ್ ಹ್ಯಾರಿಸನ್‌ರ 'ವಿದಿನ್ ಯೂ ವಿದೌಟ್ ಯೂ' ಇದೆ, ಬೇರೆ ಬೀಟಲ್‌ಗಳು ಯಾರೂ ಇಲ್ಲ, ಲಂಡನ್ನಿನ ಭಾರತೀಯ ವಾದಕರ ದಿಲ್‌ರುಬಾ, ತಬಲಾ ಇವೆ. ಅದನ್ನೂ, ಕೊನೆಯ 'ಎ ಡೇ ಇನ್ ದಿ ಲೈಫ್' ಅನ್ನೂ ಇಟ್ಟುಕೊಂಡು ಉಳಿದದ್ದು ಬಿಡಲು ನಾನು ತಯಾರು.

ಅದೇ 1967ರಲ್ಲಿ ನಮ್ಮಲ್ಲೊಂದು ಆಲ್ಬಂ ಬಂತು, 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರಿಗಾಹಿಯ ಒಂದು ದಿನದ ಕಥೆ. ಬೆಳಗ್ಗೆ ಅಹೀರ್ ಭೈರವ್, ರಾತ್ರಿಗೆ ಪಹಾಡಿ. ಇಡೀ ಆಲ್ಬಂ ಒಂದೇ ಕಥೆ ಹೇಳುತ್ತದೆ ಅಂತ ಪೆಪರ್‌ಗೆ ಹಾರ ಹಾಕುತ್ತಾರಲ್ಲ, ಆ ಹಾರ ಇದಕ್ಕೆ ಹಾಕಬೇಕಿತ್ತು. ಇಲ್ಲಿ ಒಂದು ಸ್ವರ ಕೂಡ ದಂಡವಾಗಿಲ್ಲ.

ಬೇಜಾರಾದಾಗ ಕೇಳಲು? (ಬೆಳಗಾವಿ)

ಗಾಯಕಿ ಜೋನಿ ಮಿಚೆಲ್‌ರ 'ಬ್ಲೂ', 1971. ಆದರೆ ಬೇಜಾರು ಕಳೆಯುತ್ತದೆ ಅಂತ ನಾನು ಹೇಳಿಲ್ಲ. ಅದು ಬೇಜಾರಿನ ಪಕ್ಕದಲ್ಲಿ ಬಂದು ಕೂರುತ್ತದೆ, ಅಷ್ಟೇ. ಬೇಜಾರು ಕಳೆಯಲೇಬೇಕಾದರೆ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ನುಡಿಸಿದ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಹಾಕಿ. 1955ರ ರೆಕಾರ್ಡಿಂಗ್ 38 ನಿಮಿಷ, ಕುದುರೆ ಓಟ. 1981ರಲ್ಲಿ ಅದನ್ನೇ ಮತ್ತೆ ನುಡಿಸಿದಾಗ 51 ನಿಮಿಷ ಆಯಿತು. ಎರಡರಲ್ಲೂ ಅವರು ಹಿಂದೆ ಗುನುಗುವುದು ಕೇಳಿಸುತ್ತದೆ. ಬೇಜಾರಿಗೆ ಮೊದಲನೆಯದು ಸರಿ. ಎರಡನೆಯದನ್ನು ನಾನು ಅಪರೂಪಕ್ಕೆ ಮಾತ್ರ ಹಾಕುತ್ತೇನೆ. ಅದು ಬಂದ 1982ರಲ್ಲೇ ಅವರು ತೀರಿಕೊಂಡರು, ಆ ನಿಧಾನದಲ್ಲಿ ಅದು ಗೊತ್ತಿದ್ದಂತೆ ಅನ್ನಿಸಿಬಿಡುತ್ತದೆ.

ಎಲ್ಲಾ ಹೊರಗಿನದ್ದೇ ಆಯ್ತು. ನಮ್ಮವರದ್ದು? (ಬಂಟ್ವಾಳ)

ಬಂಟ್ವಾಳದವರು ಕೇಳಿದ್ದೀರಿ, ಹಾಗಾಗಿ ನಿಮ್ಮ ಕಡೆಯವರಿಂದಲೇ ಶುರು ಮಾಡುತ್ತೇನೆ. ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಮಾಡಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಇಬ್ಬರದ್ದೂ ಆಲ್ಟೋ ಸ್ಯಾಕ್ಸೋಫೋನ್. ಒಂದೇ ವಾದ್ಯ, ಆದರೆ ಒಬ್ಬರು ಸ್ವರವನ್ನು ಜಾರಿಸುತ್ತಾರೆ, ಇನ್ನೊಬ್ಬರು ಕಡಿಯುತ್ತಾರೆ. ಕನ್ಯಾಕುಮಾರಿ ಅವರ ಪಿಟೀಲು ಬೇರೆ. ಕೆಲವು ಕಡೆ ಗದ್ದಲ ಜಾಸ್ತಿ ಆಯಿತು ಅನ್ನಿಸಬಹುದು, ಆದರೂ ಬಿಡಬೇಡಿ.

ಇನ್ನು ಕನ್ನಡದ್ದೇ ಬೇಕೆಂದರೆ 'ನಿತ್ಯೋತ್ಸವ', 1978ರ ಕ್ಯಾಸೆಟ್. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ರಾಗ ಸಂಯೋಜನೆ. ಶಾಲೆಯ ಸಮಾರಂಭಗಳಲ್ಲಿ ಕೇಳಿ ಕೇಳಿ ನಮಗೆ ಅದರ ಮೇಲಿನ ಗಮನವೇ ಹೋಗಿದೆ. ಪಕ್ಕವಾದ್ಯ ಎಲ್ಲೂ ಪದದ ಮೇಲೆ ಬೀಳುವುದಿಲ್ಲ. ಇವತ್ತು ಭಾವಗೀತೆಗೆ ಕೀಬೋರ್ಡ್ ಸುರಿಯುವವರು ಅದನ್ನೊಮ್ಮೆ ಕೇಳಬೇಕು.

ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸು. ಏನು ಕೇಳಲಿ? (ಬೆಂಗಳೂರು)

ಹಾಸನದವರೆಗೆ ಜರ್ಮನಿಯ ಎಲೆಕ್ಟ್ರಾನಿಕ್ ತಂಡ ಕ್ರಾಫ್ಟ್‌ವರ್ಕ್‌ನ 'ಆಟೋಬಾನ್', 1974. ಕಾರಿನ ಬಾಗಿಲು ಹಾಕುವ ಸದ್ದಿನಿಂದ ಶುರುವಾಗಿ 22 ನಿಮಿಷಕ್ಕೂ ಜಾಸ್ತಿ, ಒಂದು ಇಡೀ ಮುಖ, ಜರ್ಮನಿಯ ಹೆದ್ದಾರಿಯಲ್ಲಿ ಯಂತ್ರಗಳು ಹಾಡುತ್ತಾ ಹೋಗುತ್ತವೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಶುರುವಾದ ಮೇಲೆ ಅದು ನಡೆಯಲ್ಲ, ಅಲ್ಲಿ ರಸ್ತೆ ನೆಟ್ಟಗಿಲ್ಲ. ಆಗ 'ಶಕ್ತಿ' ತಂಡದ 1976ರ ಮೊದಲ ಆಲ್ಬಂ ಹಾಕಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟಂ, ಜೊತೆಗೆ ರಾಘವನ್ ಮೃದಂಗ. ಮೊದಲ ಟ್ರ್ಯಾಕಿನ ವೇಗಕ್ಕೆ ತಿರುವುಗಳು ಸರಿಯಾಗಿ ಹೊಂದುತ್ತವೆ. ಸ್ಪೀಕರ್‌ನಲ್ಲಿ ಹಾಕಬೇಡಿ, ಪಕ್ಕದ ಸೀಟಿನವರು ಮಲಗಿರುತ್ತಾರೆ.