21 ದಿನ ಆಯ್ತು, ಬಾತು ಮರಿ ಯಾಕೆ ಬಂದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಪಕ್ಕದ ಮನೆಯವರ ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿಗಳ 12 ಮೊಟ್ಟೆ ತಂದು, ಫ್ಯಾನ್ ಇರುವ ಸಣ್ಣ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿದ್ದೇನೆ. ಇದೇ ಮೊದಲ ಸಲ. ಇವತ್ತಿಗೆ 22 ದಿನ, ಒಂದೂ ಒಡೆದಿಲ್ಲ. ‘ಎಲ್ಲಾ ಕೊಳೆತಿವೆ, ಎಸೆದು ಬಾ’ ಅಂತಾರೆ ಅತ್ತೆ. ಹೊರಗೆ ಬಿಡದೆ ಮಳೆ, ಗೋಡೆಯೇ ಒದ್ದೆ, ಹಾಗಾಗಿ ಮೆಷಿನ್‌ಗೆ ನೀರು ಹಾಕಿಲ್ಲ. ದಿನಾ ಕರೆಂಟ್ ಬೇರೆ ಹೋಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಮೊಟ್ಟೆಗಳನ್ನು ಎಸೆಯಬೇಡಿ! 21 ದಿನ ಅನ್ನೋದು ಕೋಳಿ ಲೆಕ್ಕ. ಬಾತುಕೋಳಿಗೆ 28 ದಿನ ಬೇಕು. (ಮಸ್ಕೊವಿ ಅಂತ ಒಂದು ಜಾತಿ ಇದೆ, ಮುಖದ ಮೇಲೆ ಕೆಂಪು ಗಂಟುಗಂಟಾಗಿರುತ್ತದಲ್ಲ, ಅದಕ್ಕೆ 35 ದಿನ.) ಅತ್ತೆಯವರು ಜೀವನವಿಡೀ ಕೋಳಿ ಕಾವಿಗೆ ಕೂರಿಸಿದವರು, ಅವರ ಲೆಕ್ಕ ಕೋಳಿಗೆ ಸರಿಯಾಗಿಯೇ ಇದೆ. ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ 28 ದಿನ ಮುಗಿದೇ ಹೋಗಿರುತ್ತದೆ ಅಂತ ಫೋನ್‌ನಲ್ಲಿ ಆಗಲೇ ಹೇಳಿದ್ದೇನೆ. ಉಳಿದವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಚಿಂತೆ ಆಗಿದ್ದು ದಿನದ ಲೆಕ್ಕದ ಬಗ್ಗೆ ಅಲ್ಲ, ನೀರಿನ ಬಗ್ಗೆ. ಮಲೆನಾಡಿನವರು ಜಾಸ್ತಿ ಎಡವುವುದು ಇಲ್ಲೇ. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಉಪ್ಪು ನೀರಾಗುತ್ತದೆ, ಇನ್ನು ಮೆಷಿನ್‌ಗೆ ನೀರು ಯಾಕೆ ಅನ್ನಿಸುತ್ತದೆ. ಆದರೆ ಹೊರಗಿನ 22 ಡಿಗ್ರಿ ಗಾಳಿಯಲ್ಲಿ ತೇವಾಂಶ ಶೇ. 90 ಇದ್ದರೂ, ಅದೇ ಗಾಳಿ ಮೆಷಿನ್ ಒಳಗೆ ಹೋಗಿ 37.5 ಡಿಗ್ರಿಗೆ ಬಿಸಿಯಾದಾಗ ಶೇ. 40 ಕೂಡ ಉಳಿಯಲ್ಲ. ಬಿಸಿ ಗಾಳಿಗೆ ಬಾಯಾರಿಕೆ ಜಾಸ್ತಿ, ಮೊಟ್ಟೆಯ ನೀರನ್ನೇ ಎಳೆದುಕೊಳ್ಳುತ್ತದೆ. ಬಾತಿಗೆ 25ನೇ ದಿನದವರೆಗೆ ಶೇ. 55ರಿಂದ 60 ತೇವ ಬೇಕು. ಇವತ್ತೇ ಉಗುರು ಬೆಚ್ಚಗಿನ ನೀರು ಹಾಕಿ. ಒಳಗೆ ಒಂದು ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಇಡಿ, ಅಂದಾಜಿನ ಮೇಲೆ ನಡೆಸಬೇಡಿ.

ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಮೊಟ್ಟೆಯ ದಪ್ಪ ತುದಿಯಿಂದ ಬೆಳಕು ಬಿಡಿ. 22ನೇ ದಿನ ಅಂದರೆ ಒಳಗೆಲ್ಲಾ ಕಪ್ಪಾಗಿ, ತುದಿಯಲ್ಲಿ ಮಾತ್ರ ಟೋಪಿ ಇಟ್ಟ ಹಾಗೆ ಬೆಳಕಿನ ಜಾಗ ಕಾಣಬೇಕು. ಅದು ಗಾಳಿಯ ಜಾಗ. ಅದರ ಅಂಚಿನಲ್ಲಿ ಏನೋ ಅಲುಗಾಡಿದರೆ ಅತ್ತೆಯವರನ್ನು ಕರೆದು ತೋರಿಸಿ. ಇಡೀ ಮೊಟ್ಟೆ ಬಲ್ಬಿನ ಹಾಗೆ ಬೆಳಗಿದರೆ ಮರಿ ಕಟ್ಟೇ ಇಲ್ಲ, ತೆಗೆದುಬಿಡಿ. ಒಳಗೆ ರಕ್ತದ ಉಂಗುರ ಕಂಡರೆ ಮೊದಲ ವಾರದಲ್ಲೇ ಸತ್ತಿದೆ. ವಾಸನೆ ಬರುವುದನ್ನು ಮಾತ್ರ ಹುಷಾರಾಗಿ ಎತ್ತಿ. ಸಿಡಿದರೆ ಮೆಷಿನ್ ತೊಳೆದು ತೊಳೆದು ಸಾಕಾಗುತ್ತದೆ.

ಕರೆಂಟ್ ಹೋದರೆ ಗಾಬರಿ ಬೇಡ. ಕಾವಿಗೆ ಕೂತ ಬಾತೂ ದಿನಾ ಎದ್ದು ಮೇಯಲು ಹೋಗುತ್ತದೆ, ಮೊಟ್ಟೆ ಸ್ವಲ್ಪ ಹೊತ್ತು ತಣ್ಣಗಾದರೆ ಸಾಯಲ್ಲ. ಈ ಹೊತ್ತಿಗೆ ಮರಿಗಳಿಗೆ ಸ್ವಂತ ಬಿಸಿಯೂ ಇರುತ್ತದೆ. ಮುಚ್ಚಳ ತೆಗೆಯದೆ ಮೇಲೊಂದು ಕಂಬಳಿ ಹೊದಿಸಿ, ಗಾಳಿ ಆಡುವ ತೂತು ಮಾತ್ರ ಬಿಡಿ. ತಂಪಿಗಿಂತ ಅಪಾಯ ಸೆಕೆ. ಕರೆಂಟ್ ಬಂದಮೇಲೆ ಕಂಬಳಿ ತೆಗೆಯಲು ಮರೆತರೆ ಕೆಲಸ ಕೆಟ್ಟಿತು, 40 ಡಿಗ್ರಿ ದಾಟಿದರೆ ಮರಿ ಉಳಿಯುವುದು ಕಷ್ಟ.

25ನೇ ದಿನದಿಂದ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವ ಶೇ. 70 ದಾಟಿಸಿ, ಆಮೇಲೆ ಮುಚ್ಚಳ ಮುಟ್ಟಬೇಡಿ. ಇಲ್ಲೇ ನಾನು ಸೋತಿದ್ದು. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಮೊದಲ ಸಲ ಮರಿ ಮಾಡಿಸುವಾಗ ಒಂದು ಮೊಟ್ಟೆ ಬೆಳಗ್ಗೆ ಬಿರುಕು ಬಿಟ್ಟಿತು. ತೂತಿನಲ್ಲಿ ಕೊಕ್ಕು ಕಾಣುತ್ತಿತ್ತು, ಚಿಂವ್ ಚಿಂವ್ ಅಂತ ಕೂಗುತ್ತಿತ್ತು, ಸಂಜೆಯಾದರೂ ಅಷ್ಟೇ. ಪಾಪ, ಸುಸ್ತಾಗಿದೆ ಅಂತ ಉಗುರಿನಿಂದ ಓಡು ಬಿಡಿಸಿದೆ. ಪೊರೆ ಹರಿದು ರಕ್ತ ಬಂತು, ಹೊಟ್ಟೆ ಹತ್ತಿರ ಹಳದಿ ಇನ್ನೂ ಹೊರಗೇ ಇತ್ತು. ರಾತ್ರಿ ಊಟದ ಹೊತ್ತಿಗೆ ಹೋಯಿತು. ಮರಿ ಸುಮ್ನೆ ಕೂತಿರಲ್ಲ, ಪೊರೆಯ ರಕ್ತ, ಹಳದಿ ಎಲ್ಲಾ ಒಳಗೆ ಎಳೆದುಕೊಳ್ಳುತ್ತಾ ಇರುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ಮೊದಲ ಬಿರುಕಿನಿಂದ ಹೊರಬರುವವರೆಗೆ 24 ಗಂಟೆ ಸಾಮಾನ್ಯ, 48 ಆದರೂ ಆಶ್ಚರ್ಯವಿಲ್ಲ. ನಿಮ್ಮ ಮೊಟ್ಟೆಗಳು 22 ದಿನ ಒಣಗಿವೆ, ಒಂದೆರಡು ಮರಿ ಪೊರೆಗೆ ಅಂಟಿಕೊಳ್ಳಬಹುದು, ಹನ್ನೆರಡಕ್ಕೆ ಹನ್ನೆರಡೂ ಬರುತ್ತವೆ ಅಂತ ಸುಳ್ಳು ಹೇಳಲ್ಲ.

ಬಂದ ಮರಿಗಳನ್ನು ಒಣಗಿದ ಮೇಲೆ ಬಲ್ಬಿನ ಕೆಳಗಿನ ಪೆಟ್ಟಿಗೆಗೆ ಬಿಡಿ, ಮೊದಲ ವಾರ ಸುಮಾರು 32 ಡಿಗ್ರಿ ಇರಲಿ. ಬಾತು ಅಂತ ಟಬ್ಬಿಗೆ ಇಳಿಸಬೇಡಿ. ತಾಯಿ ಮೈಯ ಎಣ್ಣೆ ಸಿಗದ ಮರಿ ನೆನೆದು ನಡುಗಿ ಸಾಯುತ್ತದೆ. ಕೊಕ್ಕು ಮುಳುಗುವಷ್ಟು ನೀರಿನ ತಟ್ಟೆ, ಅದರಲ್ಲಿ ನಾಲ್ಕು ಕಲ್ಲು, ಸಾಕು. ಬೂಸ್ಟು ಹಿಡಿದ ಮೆಕ್ಕೆಜೋಳ, ಫೀಡ್ ಕೊಡಲೇಬೇಡಿ. ಬೂಸ್ಟಿನ ವಿಷ ಕೋಳಿಮರಿಗಿಂತ ಬಾತುಮರಿಗೆ ಬೇಗ ಹತ್ತುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಚೀಲ ಬಿಚ್ಚಿದ ವಾರಕ್ಕೇ ಬೂಸ್ಟು.

ಪ್ರಶ್ನೆ: ಮೆಷಿನ್ ಯಾಕೆ, ಬಾತನ್ನೇ ಕಾವಿಗೆ ಕೂರಿಸಬಾರದಾ? – ಬೇಲೂರಿನ ಓದುಗರು

ಉತ್ತರ: ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆ ಇಡುವುದರಲ್ಲಿ ಮುಂದು, ಕಾವಿಗೆ ಕೂರುವುದರಲ್ಲಿ ಸೋಮಾರಿ. ನಿಮ್ಮಲ್ಲಿ ಕಾವಿಗೆ ಕೂತ ನಾಟಿಕೋಳಿ ಇದ್ದರೆ ಅದರ ಕೆಳಗೆ ಐದಾರು ಬಾತು ಮೊಟ್ಟೆ ಇಡಿ. ಮೊಟ್ಟೆ ದಪ್ಪ, ಕೋಳಿ ಸರಿಯಾಗಿ ಹೊರಳಿಸದಿದ್ದರೆ ಅದು ಮೇಯಲು ಎದ್ದಾಗ ನೀವೇ ಕೈಯಿಂದ ಹೊರಳಿಸಿ. 28 ದಿನ ಮಾತ್ರ ಮರೆಯಬೇಡಿ!